ಹದಿನಾಲ್ಕು ಇಂಚಿನ ನೆಲ

“ಒಂಬತ್ತನೇ ಕ್ಲಾಸು ದಾಟದವನ ಹತ್ರ ನಾನು ಮಾರ್ಕೆಟ್ ರೇಟ್ ಮಾತಾಡ್ಬೇಕೇನೋ? ತಗಡು ಗುದ್ದೋನು ತಗಡು ಗುದ್ಕೊಂಡಿರು. ಕೂತ್ಕೋ.”

ಶೆಡ್ಡುಗಳ ಓನರ್ ಇಷ್ಟು ಹೇಳಿ ನೀರು ಕುಡಿದ. ಹನ್ನೆರಡು ಶೆಡ್ಡುಗಳ ಬಾಡಿಗೆದಾರರು ಅವನ ಆಫೀಸಿನಲ್ಲಿ ಸಾಲಾಗಿ ಕೂತಿದ್ದರು. ಒಬ್ಬಿಬ್ಬರು ನಕ್ಕರು, ನಗದಿದ್ದರೆ ಮುಂದಿನ ಸರದಿ ತಮ್ಮದೆಂಬ ಭಯದ ನಗು ಅದು. ನಾನು ಕೇಳಿದ್ದು ಒಂದೇ ಪ್ರಶ್ನೆ: ಬಾಡಿಗೆ ಒಂದೇ ಏಟಿಗೆ ಮೂರು ಪಟ್ಟು ಹೇಗಾಗುತ್ತದೆ?

ಅವನ ಪಕ್ಕದ ಕುರ್ಚಿಯಲ್ಲಿ ಅವಳಿದ್ದಳು. ಶೆಡ್ಡುಗಳನ್ನು ಅಳೆದು ಇಷ್ಟು ಬಾಡಿಗೆ ಬಾಳುತ್ತದೆ ಎಂದು ಬರೆದುಕೊಡುವ ಕಂಪನಿಯವಳು. ಎರಡು ತಿಂಗಳಿಂದ ನನ್ನ ಕಣ್ಣಲ್ಲಿ ಕಣ್ಣಿಟ್ಟು ನಕ್ಕವಳು ಆವತ್ತು ಲ್ಯಾಪ್‌ಟಾಪಿನಿಂದ ತಲೆ ಎತ್ತಲಿಲ್ಲ. ಓನರ್ ಮಾತಿಗಿಂತ ಅದೇ ಹೆಚ್ಚು ಚುಚ್ಚಿತು.

ಮೊದಲ ದಿನ ಅವಳು ನಮ್ಮ ಶೆಡ್ಡಿಗೆ ಬಂದಾಗ ಕೈಯಲ್ಲಿ ಕೆಂಪು ಚುಕ್ಕಿ ಬಿಡುವ ಅಳತೆ ಯಂತ್ರವಿತ್ತು. ಚುಕ್ಕಿ ಗೋಡೆಯ ಮೇಲೆ ಹರಿದಾಡಿ ನನ್ನ ಅಂಗಿಯ ಜೇಬಿನ ಮೇಲೆ ಬಂದು ನಿಂತಿತು.

“ಸ್ವಲ್ಪ ಪಕ್ಕಕ್ಕೆ ಬರ್ತೀರಾ? ನಿಮ್ಮನ್ನ ಅಳೀತಾ ಇದೆ.”

“ಎಷ್ಟು ಬಂತು ಮೇಡಂ?”

“ನಾಲ್ಕು ಮೀಟರ್ ಇಪ್ಪತ್ತು.”

“ಪರವಾಗಿಲ್ಲ, ಕಮ್ಮಿ ಮಾಡ್ಕೋಬಹುದು.”

ಅವಳು ನಗಲಿಲ್ಲ. ತುಟಿ ಕಚ್ಚಿಕೊಂಡು ಅಳತೆ ಬರೆದುಕೊಂಡಳು. ಆದರೆ ಕಿವಿಯ ತುದಿ ಕೆಂಪಾಗಿದ್ದು ನನಗೆ ಕಂಡಿತು. ಪಕ್ಕದ ಶೆಡ್ಡಿನ ವೆಲ್ಡಿಂಗ್ ಅಣ್ಣನಿಗೆ ನಾನು ಕಂಡೆ.

“ಕಪ್ಪು ಕನ್ನಡಕ ಹಾಕ್ಕೊಂಡು ನೋಡೋ ತಮ್ಮಾ,” ಎಂದ. “ಹೀಗೆ ಬರಿಗಣ್ಣಲ್ಲಿ ನೋಡಿದ್ರೆ ರಾತ್ರಿಯೆಲ್ಲಾ ಉರಿಯುತ್ತೆ.”

ಆಮೇಲೆ ಅವಳು ಬಂದಳು, ಬರುತ್ತಲೇ ಇದ್ದಳು. ಕಿಟಕಿ ಎಣಿಸಲು ಒಂದು ದಿನ, ಗೇಟಿನ ಅಗಲ ನೋಡಲು ಇನ್ನೊಂದು ದಿನ. ಗೇಟು ರಾತ್ರೋರಾತ್ರಿ ದಪ್ಪಗಾಗಿದೆಯೇನೋ ಎಂಬಂತೆ ಮತ್ತೆ ಮೂರು ದಿನ. ಯಾವತ್ತು ‘ಮೇಡಂ’ ಉದುರಿಹೋಗಿ ‘ನೀನು’ ಬಂತೋ, ಇಬ್ಬರಿಗೂ ಗೊತ್ತಾಗಲಿಲ್ಲ. ಎಣ್ಣೆ ಡಬ್ಬದ ಮೇಲೆ ಪೇಪರ್ ಹಾಸಿ ಕೂತು ಟೀ ಕುಡಿಯುತ್ತಾ ನನಗೆ ಅವಳ ಕಸುಬಿನ ಪಾಠ ಹೇಳುತ್ತಿದ್ದಳು.

“ಜನಕ್ಕೆ ಇವತ್ತು ಫೋನಲ್ಲಿ ಒತ್ತಿದ್ದು ನಾಳೆ ಬೆಳಿಗ್ಗೆ ಮನೇಲಿರ್ಬೇಕು. ಅಂದ್ರೆ ಗೋಡೌನ್ ಹತ್ತಿರದಲ್ಲೇ ಇರ್ಬೇಕು. ಹೊಸದು ಕಟ್ಟೋಕೆ ಎರಡು ವರ್ಷ. ಸ್ಟೀಲ್ ದುಬಾರಿ, ಬ್ಯಾಂಕಿನ ಬಡ್ಡಿ ದುಬಾರಿ, ಹೈವೇ ಪಕ್ಕ ಜಾಗನೇ ಇಲ್ಲ. ಅದಕ್ಕೇ ಈ ಹಳೇ ಶೆಡ್ಡುಗಳಿಗೂ ಕ್ಯೂ.”

“ನನಗೂ ಕ್ಯೂ ಇದೆ.”

“ಎಲ್ಲಿ? ಕಾಣ್ತಾ ಇಲ್ವಲ್ಲ.”

“ಒಬ್ಬಳೇ ಇದ್ದಾಳೆ. ಟೀ ಆರಿಸ್ಕೊಂಡು ಕೂತಿದ್ದಾಳೆ.”

ಆಗ ನೋಡಿದಳು. ಲೋಟದ ಅಂಚಿನ ಮೇಲಿಂದ, ರೆಪ್ಪೆ ಅರ್ಧ ಎತ್ತಿ, ಬೈಯಲೋ ಬೇಡವೋ ಎಂದು ಯೋಚಿಸುವವಳ ಹಾಗೆ. ಆ ಒಂದು ನೋಟಕ್ಕೆ ನಾನು ಆವತ್ತು ನಾನೂರು ತಗಡು ಒತ್ತಿದೆ.

ತಪ್ಪು ನಡೆದದ್ದು ಅದರ ಮುಂದಿನ ವಾರ. ಛಾವಣಿ ಅಳೆದು ಮೂಗು ಮುರಿದಳು.

“ನಿನ್ನ ಶೆಡ್ಡು ಕುಳ್ಳು ಕಣೋ. ಗೋಡೌನಿನವರು ಇದನ್ನ ಮೂಸಿನೂ ನೋಡಲ್ಲ.”

ಅದು ನನ್ನ ಪಾಲಿನ ಅದೃಷ್ಟದ ಮಾತು. ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಆದರೆ ಇಷ್ಟಪಟ್ಟವಳ ಬಾಯಲ್ಲಿ ನಮ್ಮ ಶೆಡ್ಡು ಕುಳ್ಳು ಅನ್ನಿಸಿಕೊಂಡು ಸುಮ್ಮನಿರುವುದು ಹೇಗೆ?

“ಮೇಲೆ ಏನ್ ನೋಡ್ತೀಯ, ಕೆಳಗೆ ನೋಡು,” ಎಂದೆ. “ಈ ಸಾಲಲ್ಲಿ ಎಲ್ರದ್ದೂ ನಾಲ್ಕಿಂಚು ನೆಲ. ನಮ್ದು ಹದಿನಾಲ್ಕು. ತಗಡು ಒತ್ತೋ ಪ್ರೆಸ್ಸಿಗೋಸ್ಕರ ನಮ್ಮಪ್ಪ ಗೋಡೆಯಿಂದ ಗೋಡೆಗೆ ಎರಡು ಪದರ ಕಂಬಿ ಕಟ್ಟಿಸಿ ಕಾಂಕ್ರೀಟ್ ಹಾಕ್ಸಿದ್ದು. ಆನೆ ಕುಣಿಸು, ಕೂದಲೆಳೆ ಬಿರುಕು ಬಿಡಲ್ಲ.”

ಅವಳ ಕಣ್ಣುಗಳು ಅಗಲವಾದವು. ನನ್ನನ್ನು ಮೆಚ್ಚಿಕೊಂಡಳು ಅಂದುಕೊಂಡೆ. ಅವಳು ಮೆಚ್ಚಿದ್ದು ನೆಲವನ್ನು. ಭಾರ ಹೊರುವ ರ‍್ಯಾಕುಗಳಿಗೂ ಫೋರ್ಕ್‌ಲಿಫ್ಟಿಗೂ ಬೇಕಾದದ್ದು ಅದೇ, ಛಾವಣಿ ಕುಳ್ಳಾದರೂ ನಡೆಯುತ್ತದೆ. ಕೆಲಸ ಅಂದಮೇಲೆ ಅಂದಾಜಿನಲ್ಲಿ ಅದನ್ನೂ ಬರೆದಳು. ಗೋಡೌನ್ ಕಂಪನಿ ನಮ್ಮ ಶೆಡ್ಡೇ ಬೇಕು ಎಂದಿತು. ನಮ್ಮದಕ್ಕೆ ಬಂದ ರೇಟನ್ನೇ ಓನರ್ ಇಡೀ ಸಾಲಿಗೆ ಹಾಕಿದ. ಕೊಡಲಾಗದವರು ಅರವತ್ತು ದಿನದಲ್ಲಿ ಖಾಲಿ ಮಾಡಬೇಕು.

ಮಾರ್ಕೆಟ್ಟಂತೆ. ಅಪ್ಪ ಸತ್ತ ವರ್ಷ ಸ್ಕೂಲು ಬಿಟ್ಟು ಈ ಪ್ರೆಸ್ಸಿನ ಮುಂದೆ ನಿಂತವನು ನಾನು. ಅದರ ಬೋಲ್ಟುಗಳು ಅದೇ ಕಾಂಕ್ರೀಟಿನೊಳಗೆ ಹೂತಿವೆ. ಕೀಳಬೇಕೆಂದರೆ ನೆಲ ಒಡೆಯಬೇಕು. ಒಡೆದರೆ ದಂಡ ಕಟ್ಟಬೇಕು. ಕಿತ್ತು ಎಲ್ಲಿಗೆ ಒಯ್ಯಲಿ? ಹೋದಲ್ಲೆಲ್ಲಾ ಇದೇ ರೇಟು. ಇರುವ ಹಾಗಿಲ್ಲ, ಹೋಗುವ ಹಾಗಿಲ್ಲ. ಪ್ರೆಸ್ಸಿನ ಜೊತೆ ನನ್ನನ್ನೂ ಯಾರೋ ಬೋಲ್ಟು ಹಾಕಿ ಬಿಗಿದಿದ್ದರು.

ಓನರ್ ಬೈದ ದಿನವೇ ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಅವಳು ನನ್ನ ಶೆಡ್ಡಿಗೆ ಬಂದಳು. ಕಣ್ಣು ಊದಿತ್ತು.

“ಬೈಯೋದಿದ್ರೆ ಬೈದುಬಿಡು.”

“ಅವನು ಹಾಗಂದಾಗ ಒಂದು ಮಾತಾಡೋಕೆ ಆಗಲಿಲ್ವಾ ನಿನಗೆ?”

“ಬಾಯಿ ಬಿಟ್ಟಿದ್ರೆ ಅಲ್ಲೇ ಅತ್ತುಬಿಡ್ತಿದ್ದೆ. ಆಮೇಲೆ ಎಲ್ರಿಗೂ ಗೊತ್ತಾಗ್ತಿತ್ತು.”

“ಏನು ಗೊತ್ತಾಗ್ತಿತ್ತು?”

“ನಿನಗೆ ಗೊತ್ತಿಲ್ಲದೇ ಇರೋದೇನಲ್ಲ ಬಿಡು.”

ಇಷ್ಟು ದಿನ ಕೇಳಬೇಕೆಂದು ಕಾದ ಮಾತು. ಬಂದದ್ದು ಇಂಥ ಹೊತ್ತಿನಲ್ಲಿ. ಅವಳು ನನ್ನ ತೋಳು ಹಿಡಿದಳು.

“ಕೇಳಿಲ್ಲಿ. ಅವರಿಗೆ ಕೊಟ್ಟಿರೋದು ಬರೀ ಅಂದಾಜು. ಫೈನಲ್ ರಿಪೋರ್ಟ್ ಸಂಜೆ ಐದಕ್ಕೆ ಹೋಗ್ಬೇಕು. ಪ್ರೆಸ್ ಹೊಡೆದೂ ಹೊಡೆದೂ ನೆಲ ಒಳಗೇ ಬಿರುಕು ಬಿಟ್ಟಿದೆ ಅಂತ ಬರೀತೀನಿ. ಕಂಪನಿಯವರು ಕೈ ಬಿಡ್ತಾರೆ. ಕುಳ್ಳು ಶೆಡ್ಡು, ಒಡಕು ನೆಲ, ಬೇರೆ ಯಾರು ಬರ್ತಾರೆ? ಹಳೇ ಬಾಡಿಗೆಗೆ ನೀನೇ ಗತಿ ಅವನಿಗೆ.”

“ಅವರು ನೆಲಕ್ಕೆ ಡ್ರಿಲ್ ಹಾಕಿ ನೋಡಿದ್ರೆ?”

“ನನ್ನ ಲೈಸೆನ್ಸ್ ಹೋಗುತ್ತೆ.”

“ನಿಮ್ಮಕ್ಕ? ಅವಳ ಮಗು?”

ಗಂಡನನ್ನು ಕಳೆದುಕೊಂಡ ಅಕ್ಕ, ಆ ಅಕ್ಕನ ಮೂರು ವರ್ಷದ ಮಗಳು, ಇಬ್ಬರೂ ಇವಳ ಸಂಬಳದ ಮೇಲೆ ಇದ್ದಾರೆ.

“ಹೇಗೋ ಆಗುತ್ತೆ,” ಎಂದಳು. ದನಿ ಹಾಗನ್ನಲಿಲ್ಲ. “ನಿನ್ನನ್ನ ಇಲ್ಲಿಂದ ಹೊರಗೆ ಹಾಕಿದವಳಾಗಿ ನಾನು ಬದುಕಲಾರೆ. ನನಗೆ ನೀನು ಬೇಕು, ಅಷ್ಟೇ. ಆದ್ರೆ ನಿನ್ನ ಬಾಯಿಂದ ‘ಹೂಂ’ ಬರದೆ ಒಂದಕ್ಷರನೂ ಬದಲಾಯಿಸಲ್ಲ. ಹೇಳು.”

ಅವಳ ಬೆರಳುಗಳು ನನ್ನ ತೋಳಿನಲ್ಲಿ ಹೂತಿದ್ದವು. ಮುಖ ಎಷ್ಟು ಹತ್ತಿರವಿತ್ತೆಂದರೆ ರೆಪ್ಪೆಗಂಟಿದ ಕಬ್ಬಿಣದ ಧೂಳೂ ಕಾಣುತ್ತಿತ್ತು. ನನ್ನ ಬಾಯಿ ನನಗೆ ಗೊತ್ತು. ‘ಬೇಡ’ ಅನ್ನಲು ಹೊರಟರೆ ನಾಲಿಗೆಯ ತುದಿಗೆ ಬರುವಷ್ಟರಲ್ಲಿ ಅದು ‘ಹೂಂ’ ಆಗಿಬಿಡುತ್ತದೆ.

ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ. ಕೊನೆಯದನ್ನು ಬಿಡಲು ಸ್ವಲ್ಪ ಹೊತ್ತಾಯಿತು.

“ಏನಾದ್ರೂ ಹೇಳೋ,” ಎಂದಳು.

ಹೊರಗೆ ಬಂದೆ. ಊಟ ಮುಗಿಸಿ ಬರುತ್ತಿದ್ದವರ ನಡುವೆ ದಾರಿ ಮಾಡಿಕೊಂಡು ನಡೆದೆ. ಅವರೆಲ್ಲರ ಎದುರಿಗೇ ಅವಳು ಹಿಂದಿನಿಂದ ಮೂರು ಸಲ ಕರೆದಳು. ಐದು ಗಂಟೆಗೆ ಇನ್ನೂ ಮೂರು ತಾಸು ಇತ್ತು. ಅಲ್ಲಿಯವರೆಗೆ ‘ಹೂಂ’ ಅನ್ನದೆ, ಹಿಂದಿರುಗಿ ನೋಡದೆ ನಡೆಯುತ್ತಲೇ ಇರಬೇಕಿತ್ತು.