ಬೆಕ್ಕು ಬಾಗಿಲು ಬಡಿದ ದಿನ

ನಗಿಸಲು ಹೋಗಿ ಒಂದು ಮನೆಯನ್ನೇ ನಡುಗಿಸಿದ ಹುಡುಗಿಯ ಕಥೆ ಇದು. ಉಪ್ಪು ಖಾರ ಹಚ್ಚದೆ, ನಡೆದ ಹಾಗೇ ಹೇಳುತ್ತೇನೆ.

ಅಕ್ಟೋಬರ್‌ನ ಒಂದು ಶನಿವಾರ, ಮಟಮಟ ಮಧ್ಯಾಹ್ನ. ಅಮೆರಿಕದ ಜರ್ಮನ್‌ಟೌನ್‌ನ ಅಪಾರ್ಟ್‌ಮೆಂಟ್ ಒಂದರಲ್ಲಿ ಗೆಳತಿ ಹರಿಣಿಯ ಬರ್ತ್‌ಡೇ. ಯಾಮಿನಿ ಬಾಗಿಲ ಮುಂದೆ ನಿಂತು ಗಂಟಲು ಸರಿಮಾಡಿಕೊಂಡಳು. ಮೈಸೂರಿನಲ್ಲಿ ಪ್ರಿನ್ಸಿಪಾಲರ ದನಿ ಮಾಡಿ ಇಡೀ ಕಾಲೇಜಿಗೆ ರಜೆ ಕೊಡಿಸಿದ್ದವಳು ಅವಳು!

ಧಡ್! ಧಡ್! ಧಡ್!

"ಪೊಲೀಸ್! ಓಪನ್ ದ ಡೋರ್!"

ಒಳಗೆ ತಟ್ಟೆ ಬಿದ್ದು ಒಡೆದ ಸದ್ದು. ಆಮೇಲೆ... ಏನೂ ಇಲ್ಲ.

"ಹರಿಣಿ, ನಾನು ಕಣೇ!"

ಮೆಟ್ಟಿಲು ಹತ್ತಿ ಬರುತ್ತಿದ್ದ ಯುವಕನ ಕೈಯಿಂದ ದಿನಸಿ ಚೀಲ ಜಾರಿತು.

"ಯಾರ್ರೀ ನೀವು? ಏನ್ ಮಾಡಿದ್ರಿ!"

ಅವಳು ಬಡಿದದ್ದು ಹರಿಣಿಯ ಮನೆಗಿಂತ ಒಂದು ಮಹಡಿ ಕೆಳಗಿನ ಬಾಗಿಲು!

ಅವನ ಹಿಂದೆಯೇ ಅವಳೂ ಒಳಗೆ ಓಡಿದಳು. ಕ್ಲೋಸೆಟ್‌ನಲ್ಲಿ, ಕೋಟುಗಳ ನಡುವೆ, ಅವನ ತಾಯಿ ಮುದುಡಿ ಕುಳಿತಿದ್ದರು. ಕಾಲಿಗೆ ಶೂ. ಎದೆಗವಚಿದ ಪಾಸ್‌ಪೋರ್ಟ್ ಚೀಲ. ತುಟಿ ಅಲುಗುತ್ತಿತ್ತು, ದನಿಯಿರಲಿಲ್ಲ.

ಅವನು ತಾಯಿಯನ್ನು ಮೆಲ್ಲಗೆ ಎಬ್ಬಿಸಿ ಕೂರಿಸಿ, ಯಾಮಿನಿಯತ್ತ ತಿರುಗಿದ.

"ತೊಂಬತ್ತರ ಚಳಿಗಾಲ. ನಾನಾಗ ಕೈಗೂಸು," ಅವನೆಂದ. "ಶ್ರೀನಗರದ ನಮ್ಮನೆ ಬಾಗಿಲನ್ನ ಉಗ್ರರು ಹೀಗೇ ಬಡಿದ್ರಂತೆ. ತೆಗೆಯೋಕೆ ಹೋದ ನಮ್ಮ ಮಾವ ವಾಪಸ್ ಬರ್ಲಿಲ್ಲ. ಬೆಳಗ್ಗೆ ಪಕ್ಕದ ಮನೆ ಗುಲಾಮ್ ಚಾಚಾ ಅಳ್ತಾ ನಮ್ಮನ್ನ ಲಾರಿ ಹತ್ತಿಸಿದ್ರು. ಜಮ್ಮುವಿನ ಟೆಂಟು, ಆಮೇಲೆ ಬೆಂಗಳೂರು, ಈಗ ಇಲ್ಲಿ... ಅಮ್ಮ ಇವತ್ತಿಗೂ ಶೂ ಪಕ್ಕದಲ್ಲಿಟ್ಕೊಂಡೇ ಮಲಗ್ತಾರೆ."

"ಸಾರಿ... ನಾನು..."

"ದಯವಿಟ್ಟು ಹೋಗಿ. ಮತ್ತೆ ಬರಬೇಡಿ."

ಆ ಕಣ್ಣುಗಳಲ್ಲಿ ಕೋಪಕ್ಕಿಂತ ಹೆಚ್ಚಾಗಿ ದಣಿವಿತ್ತು. ಅದೇ ಅವಳನ್ನು ಕಾಡಿತು.

ಕಾಶ್ಮೀರಿಗಳಿಗೆ ಕೊಲ್ಲಾರ್ಡ್ ಸೊಪ್ಪೆಂದರೆ ಪ್ರಾಣ ಎಂದು ಹರಿಣಿ ಹೇಳಿದ್ದಳು. ಅವಳಿಂದಲೇ ಅವನ ನಂಬರ್ ಪಡೆದು, ಪ್ರತಿ ಶನಿವಾರ ಯಾಮಿನಿ ಮೆಸೇಜ್ ಹಾಕಿದಳು. 'ಸೊಪ್ಪು ಬಾಗಿಲ ಮುಂದಿದೆ. ಬಡಿದಿಲ್ಲ.'

ಆರನೇ ಶನಿವಾರ ಆ ಯುವಕ, ಉತ್ಪಲ್, ಕೆಳಗಿಳಿದು ಬಂದ. ಪಾರ್ಕಿಂಗ್ ಲಾಟ್‌ನ ಮಾತು ಪಕ್ಕದ ಕಿರುಹೊಳೆ, ಕ್ರೀಕ್‌ವರೆಗಿನ ನಡಿಗೆಯಾಯಿತು. 'ನೀವು' ಯಾವಾಗ 'ನೀನು' ಆಯಿತೋ!

ಆದರೆ ಒಂದು ದಿನ ಅವನು ತಲೆತಗ್ಗಿಸಿ ಹೇಳಿದ, "ಅಮ್ಮ ನಿನ್ನ ಹೆಸರು ಕೇಳಿದ್ರೂ ನಡುಗ್ತಾರೆ. ಅವ್ರನ್ನ ಹೆದರಿಸಿ ನಾನು ಸಂಸಾರ ಕಟ್ಟಲ್ಲ, ಯಾಮಿನಿ."

*ಹಾಗಾದರೆ... ಇಷ್ಟೇನಾ?*

ಮಾರ್ಚ್‌ನಲ್ಲಿ ಹೇರತ್ ಬಂತು, ಕಾಶ್ಮೀರಿ ಪಂಡಿತರ ಶಿವರಾತ್ರಿ. ಹಬ್ಬದ ಕೊನೆಗೆ, ಪೂಜೆಯ ಅಕ್ರೋಟನ್ನು ಹೊಳೆಯಲ್ಲಿ ತೊಳೆದು ತಂದವರು ಮನೆ ಬಾಗಿಲು ಬಡಿಯಬೇಕು. ಒಳಗಿನವರು 'ಯಾರು?' ಎನ್ನಬೇಕು. 'ರಾಮನ ಬೆಕ್ಕು' ಎನ್ನಬೇಕು ಹೊರಗಿನವರು.

"ವರ್ಷಕ್ಕೆ ಅದೊಂದೇ ಬಡಿತಕ್ಕೆ ಅಮ್ಮ ಬಾಗಿಲು ತೆಗೀತಿದ್ದಿದ್ದು. ಅದೂ ಅಪ್ಪನ ದನಿಗೆ. ಕೋವಿಡ್‌ನಲ್ಲಿ ಅಪ್ಪ ಹೋದ್ಮೇಲೆ ನಾನು ಬಡಿದೆ, ತೆಗೀಲಿಲ್ಲ." ಉತ್ಪಲ್ ಫೋನ್ ಚಾಚಿದ. "ಅಪ್ಪನ ವಾಯ್ಸ್‌ಮೇಲ್. ನೀನು... ಈ ದನಿ ಮಾಡ್ತೀಯಾ?"

ಮೂರು ಸಲ ಕೇಳಿದಳು. ಬರುತ್ತಿತ್ತು. ಸಲೀಸಾಗಿ ಬರುತ್ತಿತ್ತು!

"ಬೇಡ, ಉತ್ಪಲ್. ಒಂದು ಸಲ ಸುಳ್ಳು ದನೀಲಿ ಆ ಬಾಗಿಲು ಬಡಿದೆ. ಸಾಕು. ನನ್ನ ದನೀಲೇ ಬರ್ಲಾ ಅಂತ ಆಂಟೀನ ಕೇಳು."

ಅವನು ಕೇಳಿದ ಮೂರನೆಯ ದಿನ ತಾಯಿ ದುಲಾರಿ ಅಂದರು, "ಆ ಸೊಪ್ಪಿನ ಹುಡುಗೀನಾ?... ಬರಲಿ."

ಇಬ್ಬರೂ ಕ್ರೀಕ್‌ನಿಂದ ಮರಳಿದರು. ಒದ್ದೆ ಅಕ್ರೋಟಿನ ಪಾತ್ರೆ ಹಿಡಿದ ಯಾಮಿನಿ ಬೆರಳ ಗೆಣ್ಣಿನಿಂದ ಮೆಲ್ಲಗೆ ಬಡಿದಳು.

ಟಕ್. ಟಕ್.

ನಿಮಿಷಗಳು ಕಳೆದವು. ಉತ್ಪಲ್ ಗೋಡೆಗೆ ಹಣೆಯಿಟ್ಟ.

"...ಯಾರು?"

"ನಾನು... ಯಾಮಿನಿ."

"ತಪ್ಪು!"

"ರಾಮನ... ಬೆಕ್ಕು, ಆಂಟಿ." ಅವಳು ಬಿಕ್ಕಿದಳು.

ಇದ್ದಕ್ಕಿದ್ದಂತೆ ಒಳಗಿನಿಂದ ಗಡಸು ದನಿ ಗುಡುಗಿತು, "ಪೊಲೀಸ್! ಬೆಕ್ಕು ಏನ್ ತಂದಿದೆ, ತೋರ್ಸು!"

ಯಾಮಿನಿ ಬೆಚ್ಚಿದಳು, ಅರ್ಧ ಅಕ್ರೋಟು ಮೆಟ್ಟಿಲ ಮೇಲೆ ಉರುಳಿತು! ಚಿಲಕ ಸರಿಯಿತು. ಬಾಗಿಲಲ್ಲಿ ದುಲಾರಿ ನಿಂತಿದ್ದರು... ಬರಿಗಾಲಲ್ಲಿ.

"ಅನ್ನ, ಧನ, ಆರೋಗ್ಯ ತಂದಿದ್ದೀನಿ ಅನ್ನಬೇಕು," ಉತ್ಪಲ್ ಪಿಸುಗುಟ್ಟಿದ. ಅವನ ಕೆನ್ನೆ ಒದ್ದೆಯಾಗಿತ್ತು. "ಆಮೇಲೆ... ನನಗೋಸ್ಕರ ಏನು ತಂದೆ?"

"ನನ್ನನ್ನೇ. ಸಾಕಾ?"

"ಸಾಕು."

"ಅಯ್ಯೋ, ಮೊದಲು ಅಕ್ರೋಟು ಆರಿಸ್ರೋ!" ಎನ್ನುತ್ತ ದುಲಾರಿ ಮೆಟ್ಟಿಲ ಮೇಲೇ ಕುಳಿತು, ಮೂರು ಮಹಡಿಗೂ ಕೇಳುವಂತೆ ನಕ್ಕರು. ಅವರ ಹಿಂದೆ ಬಾಗಿಲು ತೆರೆದೇ ಇತ್ತು.