ನಲವತ್ತೊಂದು ಕಿಲೋ ನೀರು

ಗುರುವಾರ ಬೆಳಿಗ್ಗೆ ಒಂಬತ್ತು ನಲವತ್ತಕ್ಕೆ ಕ್ಯಾನ್ಸರ್ ಆಸ್ಪತ್ರೆಯ ಸ್ಟೋರ್ ಕೀಪರ್ ಠಾಣೆಗೆ ಬಂದ. ಇನ್ಸ್‌ಪೆಕ್ಟರ್ ಕುರ್ಚಿ ತೋರಿಸಿದರೂ ಕೂರಲಿಲ್ಲ. ಹೊಸ ಔಷಧದ ಪ್ರಯೋಗಕ್ಕೆಂದು ತರಿಸಿದ್ದ ಹನ್ನೆರಡು ಸೀಸೆಗಳಲ್ಲಿ ಒಂದು ಕಾಣೆಯಾಗಿತ್ತು.

“ಒಂದು ಸೀಸೆಗೆ ಇಷ್ಟೊಂದು ಬೆವರೋದಾ?” ಎಂದರು ಇನ್ಸ್‌ಪೆಕ್ಟರ್.

“ಒಂದೊಂದೂ ಒಬ್ಬೊಬ್ಬ ರೋಗಿಗೆ ಅಂತ ಬಂದಿರೋದು, ಮೇಡಂ. ಹೋಗಿರೋದು ಇವತ್ತು ಕೊಡಬೇಕಿದ್ದ ಹೆಂಗಸಿಂದು. ಪಾಪ, ಎಂಟು ಗಂಟೆಯಿಂದ ಬೆಂಚಿನ ಮೇಲೆ ಕೂತಿದ್ದಾರೆ. ಇನ್ನೊಂದು ಬರೋಕೆ ಮೂರು ತಿಂಗಳು ಬೇಕು.”

ಎಫ್‌ಐಆರ್ ದಾಖಲಾಯಿತು. ಹತ್ತೂವರೆಗೆ ಆಸ್ಪತ್ರೆಯ ಫ್ರಿಜ್ ಎದುರು ಪಂಚನಾಮೆ ನಡೆಯಿತು. ಬೀಗ ಮುರಿದಿರಲಿಲ್ಲ. ಕೀಲಿ ಸ್ಟೋರ್ ಕೀಪರನ ಕೋಟಿನ ಜೇಬಿನಲ್ಲಿರುತ್ತಿತ್ತು, ಕೋಟು ದಿನವಿಡೀ ಗೂಟದಲ್ಲಿ ನೇತಾಡುತ್ತಿತ್ತು.

“ಬೇಲಿಯೇ ಎದ್ದು ಹೊಲ ಮೇಯ್ದಿದೆ, ಮೇಡಂ” ಎಂದ ಹೆಡ್ ಕಾನ್‌ಸ್ಟೇಬಲ್. ಮೊದಲು ಕಣ್ಣಿಗೆ ಬಿದ್ದವನನ್ನೇ ಕಳ್ಳನೆನ್ನುವ ಈತನಿಗೆ ಠಾಣೆಯಲ್ಲಿ ಆತುರಪ್ಪನೆಂದೇ ಹೆಸರು.

ಸ್ಕ್ಯಾನ್ ವಿಭಾಗದ ವೈದ್ಯೆ ಔಷಧದ ಗುಣ ವಿವರಿಸಿದರು. ಸೀಸೆಯಲ್ಲಿರುವುದು ಕಬ್ಬಿಣದ ನ್ಯಾನೊ ಕಣಗಳು, ಕಣ್ಣಿಗೆ ಕಾಣದಷ್ಟು ಸಣ್ಣವು. ರಕ್ತಕ್ಕೆ ಸೇರಿಸಿ, ಒಂದು ದಿನ ಬಿಟ್ಟು ಎಂಆರ್‌ಐ ಚಿತ್ರ ತೆಗೆದರೆ, ಕಣಗಳನ್ನು ನುಂಗಿದ ಆರೋಗ್ಯವಾಗಿರುವ ದುಗ್ಧಗ್ರಂಥಿಗಳು ಕಪ್ಪಾಗುತ್ತವೆ. ಕ್ಯಾನ್ಸರ್ ಹೊಕ್ಕವು ಬಿಳಿಯಾಗಿಯೇ ಉಳಿಯುತ್ತವೆ. ಬಿಳಿ ದೂರದವರೆಗೆ ಹರಡಿದ್ದರೆ ಶಸ್ತ್ರಚಿಕಿತ್ಸೆ ಮಾಡಿ ಫಲವಿಲ್ಲ, ಉಳಿದ ದಿನಗಳೂ ನೋವಿನಲ್ಲೇ ಹೋಗುತ್ತವೆ.

“ಯಂತ್ರ ಇಲ್ದೆ ಆ ಸೀಸೆ ಯಾರಿಗೂ ಪ್ರಯೋಜನ ಇಲ್ವಾ?”

“ಇಲ್ಲ.”

ಹಾಗಾದರೆ ಕಳ್ಳನಿಗೆ ಬೇಕಾದದ್ದು ಚಿತ್ರ. ಇನ್ಸ್‌ಪೆಕ್ಟರ್ ಯಂತ್ರದ ದಾಖಲೆಯನ್ನು ಸಾಲುಸಾಲಾಗಿ ಓದಿಸಿದರು. ಬುಧವಾರ ಮಧ್ಯಾಹ್ನ ಒಂದು ಇಪ್ಪತ್ತು, ಎಲ್ಲರೂ ಊಟಕ್ಕೆ ಹೋದ ಹೊತ್ತು: ‘ನೀರಿನ ಡಬ್ಬಿಯ ಪರೀಕ್ಷೆ’. ಯಂತ್ರ ಸರಿಯಿದೆಯೇ ಎಂದು ನೋಡಲು ನೀರು ತುಂಬಿದ ಡಬ್ಬಿಯನ್ನು ಒಳಗಿಟ್ಟು ಚಿತ್ರ ತೆಗೆಯುವುದು ವಾಡಿಕೆ. ಆ ಹೊತ್ತು ಕೆಲಸದಲ್ಲಿದ್ದ ಟೆಕ್ನೀಷಿಯನ್ನನ್ನು ಕರೆಸಿದರು.

“ಡಬ್ಬಿ ಎಷ್ಟು ತೂಕ ಇದೆಯಪ್ಪಾ?”

“ಐದು ಕಿಲೋ, ಮೇಡಂ.”

“ನಿನ್ನೆ ನಲವತ್ತೊಂದು ಅಂತ ಹಾಕಿದೀಯ.”

ಹದಿನಾಲ್ಕು ವರ್ಷ ಅದೇ ಯಂತ್ರದ ಮುಂದೆ ಕೂತವನು ಪರದೆಯನ್ನೊಮ್ಮೆ ನೋಡಿ ತಲೆ ತಗ್ಗಿಸಿದ.

“ತೂಕ ತಪ್ಪು ಕೊಟ್ರೆ ಮೈಗೆ ಎಷ್ಟು ಶಾಖ ತಾಗುತ್ತೆ ಅನ್ನೋ ಲೆಕ್ಕ ತಪ್ಪುತ್ತೆ. ಒಳಗೆ ಮಲಗಿದ್ದಿದ್ದು ನಮ್ಮಕ್ಕ. ಅದೊಂದು ಸುಳ್ಳು ಹಾಕೋಕೆ ಕೈ ಬರಲಿಲ್ಲ.”

ತಾಯಿ ಹೋದ ಮೇಲೆ ಅವನನ್ನು ಎತ್ತಿ ಆಡಿಸಿದ್ದು ಆ ಅಕ್ಕನೇ. ಹಿಂದೊಮ್ಮೆ ಕ್ಯಾನ್ಸರಿಗೆ ಚಿಕಿತ್ಸೆ ಪಡೆದವಳೆಂದು ಪ್ರಯೋಗಕ್ಕೆ ಅವಳನ್ನು ಸೇರಿಸಿಕೊಂಡಿರಲಿಲ್ಲ. ಶನಿವಾರ ಅವಳ ಶಸ್ತ್ರಚಿಕಿತ್ಸೆ ನಿಗದಿಯಾಗಿತ್ತು. ಮಂಗಳವಾರ ಅವನು ಸೀಸೆ ಒಯ್ದು ಮನೆಯಲ್ಲೇ ಡ್ರಿಪ್ ಹಾಕಿದ್ದ.

“ಚಿತ್ರದಲ್ಲಿ ಏನಿತ್ತು?”

“ಬೆನ್ನುದ್ದಕ್ಕೂ ಬಿಳಿ.”

“ಡಾಕ್ಟರಿಗೆ ಹೇಳಿದ್ಯಾ?”

“ಕದ್ದ ಚಿತ್ರ, ಹೇಗೆ ತೋರಿಸ್ಲಿ? ಮೂರು ಸಲ ಅವರ ಬಾಗಿಲ ತನಕ ಹೋಗಿ ವಾಪಸ್ ಬಂದೆ. ನಾನು ಜೈಲಿಗೆ ಹೋದ್ರೆ ಅಕ್ಕನ್ನ ನೋಡ್ಕೊಳ್ಳೋರು ಯಾರು?”

“ಹೊರಗೆ ಬೆಂಚಿನ ಮೇಲೆ ಕೂತಿರೋರನ್ನ ಯಾರು ನೋಡ್ಕೋತಾರೆ?”

“ಸೀಸೆ ಮೇಲಿನ ಹೆಸರು ಓದಲಿಲ್ಲ, ಮೇಡಂ. ಓದಿದ್ರೆ ಎತ್ತೋಕೆ ಆಗ್ತಿರಲಿಲ್ಲ.”

ಇನ್ಸ್‌ಪೆಕ್ಟರ್‌ಗೆ ಸಿಟ್ಟು ಬಂತು. ಮಧ್ಯಾಹ್ನ ಮೂರು ಐದಕ್ಕೆ ಬಂಧನ ದಾಖಲಾಯಿತು. ಆತುರಪ್ಪ ಮಾತ್ರ ಈ ಸಲ ಯಾವ ಆತುರವನ್ನೂ ತೋರಲಿಲ್ಲ. ಆರೋಪಿಗೆ ನೀರು ತಂದುಕೊಟ್ಟು, ಕುಡಿದು ಮುಗಿಸುವವರೆಗೆ ಪಕ್ಕದಲ್ಲೇ ನಿಂತ.

“ಮೇಡಂ, ಆ ಚಿತ್ರ ಪಂಚನಾಮೆಗೆ ಸೇರುತ್ತಾ?” ಎಂದು ಟೆಕ್ನೀಷಿಯನ್ ಕೇಳಿದ. “ಸೇರಿದ್ರೆ ಡಾಕ್ಟರು ನೋಡಲೇಬೇಕಲ್ವಾ?”

“ಸೇರುತ್ತೆ.”

ಅವನ ಉಸಿರು ಸಡಿಲವಾಯಿತು. ಹದಿನಾಲ್ಕು ವರ್ಷ ಯಾರ್‍ಯಾರದೋ ಒಳಗನ್ನು ನೋಡಿಕೊಂಡು ಬಂದವನಿಗೆ ತನ್ನವಳನ್ನು ನೋಡದೆ ಕೊಯ್ಯಲು ಬಿಡುವುದು ಆಗಿರಲಿಲ್ಲ. ಕಳ್ಳತನಕ್ಕೆ ಬೇರೆ ಕಾರಣವೇನೂ ಇರಲಿಲ್ಲ.

ಅಂದೇ ಸಂಜೆ ಇನ್ಸ್‌ಪೆಕ್ಟರ್ ಚಿತ್ರದ ಪ್ರತಿಗೆ ಪತ್ರ ಲಗತ್ತಿಸಿ, ಶಸ್ತ್ರವೈದ್ಯರ ಅಭಿಪ್ರಾಯ ಕೋರಿದರು. ಶುಕ್ರವಾರ ಉತ್ತರ ಬಂತು. ಶನಿವಾರದ ಶಸ್ತ್ರಚಿಕಿತ್ಸೆ ರದ್ದಾಗಿ, ಅಕ್ಕ ನೋವಿನ ಮಾತ್ರೆಗಳೊಂದಿಗೆ ಮನೆಗೆ ಹೋದಳು.

ಬೆಂಚಿನ ಮೇಲೆ ಕೂತಿದ್ದ ಹೆಂಗಸಿಗೆ ಮೂರು ತಿಂಗಳು ಕಾಯುವಷ್ಟು ಕಾಲವಿರಲಿಲ್ಲ. ಅವಳು ಚಿತ್ರವಿಲ್ಲದೆಯೇ ಶಸ್ತ್ರಚಿಕಿತ್ಸೆಯ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದಳು.