ಮೊದಲ ಲೋಟ

ಜಯರಾಜನನ್ನು ಮಣ್ಣು ಮಾಡಿದ ಮರುದಿನ, ಬೆಳಿಗ್ಗೆ ಆರಕ್ಕೆ, ಸೋಸುಗಣ್ಣು ಎಂದಿನಂತೆ ಹಸಿರು ದೀಪ ಹೊತ್ತಿಸಿತು. ಮುಚ್ಚಿದ ಚಿನ್ನದ ಗಣಿಯಲ್ಲಿ ನಿಂತ ನೀರಿನಿಂದ ಈ ಯಂತ್ರ ಸಯನೈಡನ್ನು ವಿದ್ಯುತ್ತಿನ ಬಲದಿಂದ ಸೆಳೆದು ತೆಳುಪೊರೆಯ ಆಚೆಗೆ ದೂಡುತ್ತಿತ್ತು. ಉಳಿದ ನೀರಿನಲ್ಲಿ ವಿಷವಿದೆಯೇ ಎಂದು ಬೆಳ್ಳಿಯ ಎಲೆಕ್ಟ್ರೋಡಿನಿಂದ ಅಳೆದು, ಇಲ್ಲದಿದ್ದರೆ ಹಸಿರು ತೋರಿಸುತ್ತಿತ್ತು. 2061ರಲ್ಲಿ ಆ ಊರಿಗೆ ಬೇರೆ ನೀರಿರಲಿಲ್ಲ.

ಕೊಡಗಳು ಸಾಲಾಗಿದ್ದವು. ಯಾರೂ ನಲ್ಲಿ ತಿರುಗಿಸಲಿಲ್ಲ. ಯಂತ್ರ ನೋಡಿಕೊಳ್ಳುತ್ತಿದ್ದ ಜಯರಾಜ ದಿನವೂ ಮೊದಲ ಲೋಟ ತಾನೇ ಕುಡಿದು ತೋರಿಸುತ್ತಿದ್ದ. ಸೋಮವಾರ ಕುಡಿದವನು ಅಲ್ಲೇ ಬಿದ್ದಿದ್ದ.

"ಹಸಿರು ಬಂದೈತಲ್ಲ ಪಾಪಕ್ಕ, ನೀನೇ ಕುಡಿ," ಎಂದಳು ಸಾಲಿನಲ್ಲಿದ್ದ ಒಬ್ಬಳು.

"ನಂಗೇನು ಆಯಸ್ಸು ಜಾಸ್ತಿಯಾಗೈತಾ? ಅವತ್ತೂ ಹಸಿರೇ ಇತ್ತು!" ಎಂದ ಪಾಪಕ್ಕ, ಹಿಂದೆ ನಿಂತಿದ್ದ ಜಯರಾಜನ ಹೆಂಡತಿ ಎಸ್ತರ್‌ಳನ್ನು ಕಂಡು ನಾಲಿಗೆ ಕಚ್ಚಿಕೊಂಡಳು. "ನಿನ್ನ ನೋಡ್ಲಿಲ್ಲ ಕಣಮ್ಮಾ."

ಎಸ್ತರ್ ಯಂತ್ರದ ಕೋಣೆಗೆ ಹೋದಳು. ಸೋಸುಗಣ್ಣನ್ನು ರೂಪಿಸಿದ ಪ್ರೊಫೆಸರ್ ಮುಕ್ತಾಂಬ ಅಲ್ಲಿ ಸರ್ಕಾರಕ್ಕೆ ಕಾಗದವೊಂದನ್ನು ಬರೆಯುತ್ತಿದ್ದರು.

"ಪೊರೆ ಹರಿದಿತ್ತು, ಹೊಸದು ಹಾಕಿದೆ. ಆದರೆ ಅವತ್ತು ಹಸಿರು ಯಾಕೆ ತೋರಿಸ್ತು? ಅವನು ಬಿದ್ದ ಗಲಾಟೆಯಲ್ಲಿ ಯಾರೋ ಹೋಲಿಕೆಯ ಎಲೆಕ್ಟ್ರೋಡನ್ನೇ ಕಿತ್ತೊಯ್ದಿದ್ದಾರೆ. ಈಗಿರೋದು ನಾನು ತಂದು ಹಾಕಿದ ಬೇರೆಯದು. ಕಾರಣ ಗೊತ್ತಾಗದೆ ಇನ್ನೊಬ್ಬರಿಗೆ ಹೇಗೆ ಕುಡಿಸಲಿ? ಯಂತ್ರ ಮುಚ್ಚಿ ಅಂತ ಬರೀತಿದ್ದೀನಿ."

ಹೋಲಿಕೆಯ ಎಲೆಕ್ಟ್ರೋಡ್ ಎಂದರೆ ಬೆರಳುದ್ದದ ಗಾಜಿನ ಕೊಳವೆ. ಅದರ ವೋಲ್ಟೇಜು ಬದಲಾಗುವುದಿಲ್ಲ ಎಂಬ ನಂಬಿಕೆಯ ಮೇಲೆ ಉಳಿದೆಲ್ಲ ಅಳತೆ ನಿಂತಿರುತ್ತದೆ. ತುದಿ ಸದಾ ಉಪ್ಪಿನ ದ್ರಾವಣದಲ್ಲಿ ಮುಳುಗಿರಬೇಕು. ಒಣಗಿದರೆ ಸುಳ್ಳು ಹೇಳುತ್ತದೆ. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ್ದ ಎಸ್ತರ್‌ಗೆ ಇದು ತಿಳಿದಿತ್ತು.

"ಶನಿವಾರ ಯಂತ್ರ ನಿಲ್ಲಿಸಿ, ಅದನ್ನ ತೊಳೆಯೋಕೆ ಮನೆಗೆ ತಂದಿದ್ದರು ಮೇಡಂ. ದ್ರಾವಣದಲ್ಲಿಡು ಅಂದರು. ಮೊದಲ ಲೋಟ ನೀವೇ ಯಾಕೆ ಕುಡೀಬೇಕು ಅಂತ ಜಗಳ ಆಗಿತ್ತು. ಆ ಸಿಟ್ಟಲ್ಲಿ ಒರೆಸಿ, ಒಣ ಡಬ್ಬಿಯಲ್ಲಿಟ್ಟೆ. ಒಣಗಬಾರದು ಅಂತ ಆಮೇಲೆ ನೆನಪಾಯ್ತು. ಮಾತು ಬಿಟ್ಟಿದ್ದೆ, ಹೇಳಲಿಲ್ಲ."

"ಸೋಮವಾರದವರೆಗೂ?"

"ಹೂಂ. ಬೆಳಿಗ್ಗೆ ಅವರು ಅದನ್ನೇ ತಗೊಂಡು ಹೋಗಿ ಯಂತ್ರಕ್ಕೆ ಹಾಕಿದರು. ಸತ್ತ ಮೇಲೆ ಅದನ್ನ ಕಿತ್ತುಕೊಂಡವಳೂ ನಾನೇ."

ಮುಕ್ತಾಂಬ ಬರೆಯುತ್ತಿದ್ದ ಕಾಗದವನ್ನು ಪಕ್ಕಕ್ಕೆ ಸರಿಸಿದರು. "ಇದನ್ನ ಬರೆದರೆ ಯಂತ್ರ ಉಳಿಯುತ್ತೆ. ನಿನ್ನ ಹೆಸರು ಬರುತ್ತೆ."

"ಬರೀರಿ."

ಕಿಟಕಿಯಾಚೆ, ಚಿನ್ನ ತೆಗೆದು ಎಸೆದ ವಿಷದ ಮಣ್ಣಿನ ಬೂದುಗುಡ್ಡ ಬಿಸಿಲಿಗೆ ಬೆಳ್ಳಗೆ ಕಾಣುತ್ತಿತ್ತು. ಇವತ್ತು ಇದನ್ನು ಓದುತ್ತಿರುವ ನಮ್ಮ ಕಾಲದಲ್ಲೂ ಅದು ಅಲ್ಲೇ ಇದೆ. ನೋಡಿಯೂ ಮಾತಾಡದೆ ದಾಟುತ್ತೇವೆ.

ಎಸ್ತರ್ ಚೀಲದಿಂದ ಗಾಜಿನ ಕೊಳವೆಯನ್ನು ತೆಗೆದಳು. ತುದಿಯಲ್ಲಿ ಬಿಳಿ ಉಪ್ಪು ಹೆಪ್ಪುಗಟ್ಟಿತ್ತು.

"ನಿಮ್ಮ ಲ್ಯಾಬಿನದು," ಎಂದಳು. "ಹೊಸದು ಬರೋವರೆಗೆ ಅಂತ ಅವರು ಕೇಳಿ ತಂದಿದ್ದರಂತೆ. ವಾಪಸ್ ಕೊಡಬೇಕಲ್ಲ."